ಬೀಗಿತ್ತಿಯ ಕೈತುತ್ತು

ಇಸ್ರೇಲಿನ ಓರ್ ಯೆಹೂದಾ ಊರಿನ ಬುಖಾರಿ ಯೆಹೂದಿ ಮನೆಗಳಲ್ಲಿ, ಮಿರ್ವಾರಿಯ ಬಳಗದಲ್ಲಂತೂ, ನಿಶ್ಚಿತಾರ್ಥದ ದಿನ ಬೀಗಿತ್ತಿಯರು ಒಬ್ಬರಿಗೊಬ್ಬರು ಕೈತುತ್ತು ಕೊಡಲೇಬೇಕು. ಆ ತುತ್ತು ಬೇಡವೆಂದರೆ ಸಂಬಂಧವೇ ಬೇಡವೆಂದಂತೆ. ಮಗಳ ನಿಶ್ಚಿತಾರ್ಥದ ದಿನ ಗೊತ್ತಾದಾಗಿನಿಂದ ಮಿರ್ವಾರಿಗೆ ಆ ಒಂದು ತುತ್ತಿನದೇ ಚಿಂತೆ.

ಅವಳ ಗಂಟಲು ಅವಳ ಮಾತು ಕೇಳುವುದನ್ನು ಬಿಟ್ಟಿತ್ತು. ಅದು ತವರಿನ ಬಳುವಳಿ. ಐವತ್ತರ ಆಸುಪಾಸಿನಲ್ಲಿ ಮೊದಲು ರೆಪ್ಪೆ ಜೋತುಬೀಳುತ್ತದೆ, ಆಮೇಲೆ ಗಂಟಲ ಸ್ನಾಯು ಸೋಲುತ್ತದೆ. ಹೆತ್ತವರಲ್ಲಿ ಒಬ್ಬರಿಗಿದ್ದರೆ ಮಕ್ಕಳಿಗೆ ಬಂದರೂ ಬಂತು, ಇಲ್ಲದಿದ್ದರೆ ಇಲ್ಲ. ಇಬ್ಬರಿಗೂ ಇದ್ದರೆ ದೇವರೇ ಗತಿ. ದೊಡ್ಡಪ್ಪನ ಮೊಮ್ಮಗನೊಬ್ಬ ಹಾಗೆ ಎರಡೂ ಕಡೆಯಿಂದ ಪಡೆದುಕೊಂಡು ಹುಟ್ಟಿ, ತುಂಬು ಹರೆಯದಲ್ಲೇ ಹೊಟ್ಟೆಗೆ ಊಟದ ನಳಿಕೆ ಹಾಕಿಸಿಕೊಂಡು ಕೂತಿದ್ದಾನೆ.

ಇಷ್ಟು ಗೊತ್ತಿದ್ದೂ ಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಹೆಣ್ಣುಮಕ್ಕಳ ಮದುವೆ ಆಗಬೇಕಲ್ಲ! ಮಿರ್ವಾರಿ ರೆಪ್ಪೆ ಎತ್ತಿಸಿ ಹೊಲಿಸಿಕೊಂಡಾಗ ಅಕ್ಕಪಕ್ಕದವರು ಈ ವಯಸ್ಸಿನಲ್ಲಿ ಸೋಗು ನೋಡು ಎಂದು ಆಡಿಕೊಂಡರು. ಅವಳೂ ನಕ್ಕು ಹೌದೆಂದಳು. ಮಗಳು ಓಸ್ನಾತ್ ಮಾತ್ರ ಹುಡುಗನಿಗೆ ಹೇಳಿಯೇ ಬಿಡುತ್ತೇನೆಂದು ಹಟ ಹಿಡಿದಿದ್ದಳು. ತಾಯಿ ತನ್ನ ಮೇಲೆ ಆಣೆ ಹಾಕಿಸಿ ಸುಮ್ಮನಿರಿಸಿದ್ದಳು.

ಹುಡುಗನ ತಾಯಿ ಬುಲೋರ್ ಎತ್ತರದ ಹೆಂಗಸು, ನಾಲಿಗೆ ಚುರುಕು. ನಿಶ್ಚಿತಾರ್ಥದ ದಿನ ಬಖ್ಶ್ ತಟ್ಟೆ ಬಂತು. ಕೊತ್ತಂಬರಿ ಹಾಕಿದ ಹಸಿರನ್ನ, ಅದೂ ಉದುರುದುರು. ಬುಲೋರ್ ತುತ್ತು ಕಟ್ಟಿ ಮಿರ್ವಾರಿಯ ಬಾಯಿಗೆ ಹಿಡಿದಳು.

"ಬಾಯಿ ತೆಗೀರಿ ಬೀಗಿತ್ತಿ. ಇಷ್ಟು ನಾಚ್ಕೊಳ್ಳೋಕೆ ಮದುವೆ ನಿಮ್ದಾ?"

ನೆಂಟರೆಲ್ಲ ನಕ್ಕರು. ಮಿರ್ವಾರಿ ಗದ್ದವನ್ನು ಎದೆಗೊತ್ತಿ ನುಂಗಿದಳು. ಇಳಿಯಲಿಲ್ಲ. ಮತ್ತೆ ನುಂಗಿದಳು. ಅಗುಳು ಉಸಿರಿನ ದಾರಿಗೆ ಹೋದರೆ ಎಲ್ಲರೆದುರು ಕೆಮ್ಮಿ ಕೆಮ್ಮಿ ಬಣ್ಣ ಬಯಲಾಗುತ್ತದೆ ಎಂದು ಜೀವ ಬಾಯಿಗೆ ಬಂತು. ಚಹಾದ ಪಿಂಗಾಣಿ ಬಟ್ಟಲಿಗೆ ಕೈ ಚಾಚಿ ಒಂದು ಗುಟುಕು ಕುಡಿದಾಗ ಅನ್ನ ಇಳಿಯಿತು, ಕಣ್ಣಲ್ಲಿ ನೀರು ತುಂಬಿತು. ನೆಂಟರು ಅದನ್ನು ಆನಂದದ ಕಣ್ಣೀರೆಂದುಕೊಂಡರು.

ಗೆದ್ದೆನೆಂಬ ಹುಮ್ಮಸ್ಸಿನಲ್ಲಿ ಅವಳು ಧಾರಾಳವಾಗಿಯೇ ತುತ್ತು ಕಟ್ಟಿ ಬುಲೋರಳ ಬಾಯಿಗಿಟ್ಟಳು.

ಬುಲೋರಳ ಗದ್ದ ಎದೆಗೆ ಇಳಿಯಿತು. ಒಮ್ಮೆ ನುಂಗಿದಳು, ಮತ್ತೊಮ್ಮೆ ನುಂಗಿದಳು. ಕೈ ತಡಕಾಡಿ ಚಹಾದ ಬಟ್ಟಲು ಹಿಡಿಯಿತು.

ತನ್ನಂಥವಳೇ ಸಿಕ್ಕಳು, ಇನ್ನು ಯಾರಿಗೆ ಯಾರು ಹೆದರಬೇಕು ಎಂದು ಮಿರ್ವಾರಿಗೆ ಒಂದು ಗಳಿಗೆ ಹಾಯೆನಿಸಿತು. ಮರುಗಳಿಗೆಯೇ ನಳಿಕೆ ಹಾಕಿಸಿಕೊಂಡ ಆ ಹುಡುಗ ಕಣ್ಣ ಮುಂದೆ ಬಂದ. ಎರಡೂ ಕಡೆಯಿಂದ ಬಂದರೆ ಇನ್ನೂ ಹುಟ್ಟದ ಮೊಮ್ಮಗುವಿಗೂ ಅದೇ ಗತಿ.

ಹಿರಿಯರು ಮಾತು ಮುಗಿಯಿತೆಂದು ಸಂಬಂಧ ಖಾಯಂ ಮಾಡುವ ಸಕ್ಕರೆಗಟ್ಟಿ ಒಡೆಯಲು ತಂದಿಟ್ಟರು. ಮಿರ್ವಾರಿ ಅದರ ಮೇಲೆ ಕೈಯಿಟ್ಟು, ಬುಲೋರಳತ್ತ ಬಾಗಿ ಮೆಲ್ಲಗೆ ಕೇಳಿದಳು.

"ಎಷ್ಟು ಸಲ ನುಂಗಿದ್ರಿ ಬೀಗಿತ್ತಿ?"

ಬುಲೋರಳ ಮುಖದ ನಗು ಇಂಗಿತು. "ನಿಮ್ಮಷ್ಟೇ ಸಲ. ನೀವು ನುಂಗುವಾಗ್ಲೇ ಗೊತ್ತಾಯ್ತು ನಂಗೆ."

"ಗೊತ್ತಿದ್ದೂ ಸಕ್ಕರೆ ಒಡೀತಿದ್ರಾ?"

ಬುಲೋರ್ ಸಕ್ಕರೆಗಟ್ಟಿಯ ಮೇಲೆ ತಾನೂ ಕೈಯಿಟ್ಟಳು. ಆಣೆ ಹಾಕಿಸಿದವಳು ತಾನು, ಯಾವ ಬಾಯಲ್ಲಿ ಅವಳನ್ನು ಬೈಯಲಿ ಎಂದುಕೊಂಡಳು ಮಿರ್ವಾರಿ. ಅತ್ತ ಓಸ್ನಾತ್ ಹುಡುಗನ ಬಾಯಿಗೆ ತುತ್ತಿಡುತ್ತ ನಗುತ್ತಿದ್ದಳು.

"ಓಸ್ನಾತ್," ಎಂದು ಕೂಗಿದಳು ತಾಯಿ, "ಅವನನ್ನೂ ಕರ್ಕೊಂಡು ಬಾಮ್ಮ ಇಲ್ಲಿ. ನಾವಿಬ್ರೂ ನಿಮಗೆ ಒಂದು ವಿಷ್ಯ ಹೇಳ್ಬೇಕು."