ಸವ್ಸನ್ ಅತ್ತಿಗೆ ಬಾಯಿಬಿಟ್ಟಿದ್ದು

ಇಸ್ತರವ್ಶಾನ್ ಪಟ್ಟಣದ ನಮ್ಮ ಓಣಿಯಲ್ಲಿ ಸವ್ಸನ್ ಅತ್ತಿಗೆಯ ರೊಟ್ಟಿಗಾಗಿ ಜನ ಬೆಳಗಾಗುವ ಮುಂಚೆಯೇ ಬಾಗಿಲಿಗೆ ಬರುತ್ತಿದ್ದರು. ನನ್ನ ಅಣ್ಣ ಆಶುರನ ಹೆಂಡತಿ ಅವಳು. ಉರಿಯುವ ತಂದೂರಿನೊಳಗೆ ಭುಜದವರೆಗೂ ಕೈ ಇಳಿಸಿ ರೊಟ್ಟಿ ತಟ್ಟುತ್ತ, ಬಂದವರನ್ನೆಲ್ಲ ಗೇಲಿ ಮಾಡುತ್ತಿದ್ದಳು.

ಹೋದ ವರ್ಷ ಏಪ್ರಿಕಾಟ್ ಹೂ ಬಿಡುವ ಹೊತ್ತಿಗೆ ಅವಳ ಬಲ ಎದೆಯಲ್ಲಿ ಗಂಟು ಸಿಕ್ಕಿತು. ಬೇಗ ಗೊತ್ತಾಗಿದ್ದೇ ಪುಣ್ಯ ಅಂದರು ಡಾಕ್ಟರರು. ಸ್ತನ ತೆಗೆದರು, ಕಂಕುಳಿನ ಗಂಟುಗಳನ್ನೂ ತೆಗೆದರು. ಆಮೇಲೆ ಔಷಧಿ, ವಿಕಿರಣದ ಕರೆಂಟು. ಚಳಿಗಾಲ ಮುಗಿಯುವಾಗ ರೋಗ ಹೋಗಿದೆ ಅಂದರು. ಅಮ್ಮ ಕುರಿ ಕೊಯ್ಯಿಸಿ ಓಣಿಗೆಲ್ಲ ಪುಲಾವ್ ಹಾಕಿಸಿದಳು.

ಆದರೆ ಅತ್ತಿಗೆ ಮೊದಲಿನ ಅತ್ತಿಗೆಯಾಗಲಿಲ್ಲ. ಬಲಗೈ ಬಾತುಕೊಂಡಿತ್ತು. ಆ ಕೈಗೆ ಶಾಖ ತಾಗಬಾರದು, ಭಾರ ಎತ್ತಬಾರದು. ಹಿಟ್ಟು ನಾದಲು ಕೂತರೆ ಅರ್ಧಕ್ಕೇ ಸುಸ್ತು. ಅಣ್ಣ ಹೊರಕೋಣೆಯಲ್ಲಿ ಮಲಗತೊಡಗಿದ.

ಪಕ್ಕದ ಮನೆಯ ಬೀಬಿಸೋರಾ ಚಹಾಕ್ಕೆ ಬಂದವಳು ಕೇಳಿದಳು: "ಜೀವ ಉಳೀತಲ್ಲ ತಾಯಿ, ಇನ್ನೂ ಯಾಕೆ ಮುಖ ಊದಿಸ್ಕೊಂಡಿದೀಯ?"

"ಊದಿರೋದು ಮುಖ ಅಲ್ಲಕ್ಕ, ಕೈ," ಅಂದಳು ಅತ್ತಿಗೆ.

ಕೂತಿದ್ದವರೆಲ್ಲ ನಕ್ಕರು. ಅವಳು ಎದ್ದು ಒಳಗೆ ಹೋದಳು.

ತಪಾಸಣೆಯ ದಿನ ಅತ್ತಿಗೆ, ಅಣ್ಣನ ಜೊತೆ ನಾನೂ ಖುಜಂದಿನ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಸ್ಕ್ಯಾನ್ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿ, "ಎಲ್ಲಾ ಚೆನ್ನಾಗಿದೆ, ಹೊರಡಿ," ಅಂದರು.

ಅತ್ತಿಗೆ ಏಳಲಿಲ್ಲ. "ಡಾಕ್ಟ್ರೇ, ಕಾಯಿಲೆ ಹೇಗಿದೆ ಅಂತ ಪ್ರತಿ ಸಲ ನೋಡ್ತೀರ. ನಾನು ಹೇಗಿದೀನಿ ಅಂತಾನೂ ಕೇಳಿ."

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಹೇಳಮ್ಮ."

"ಮಾತ್ರೆ ತಗೊಂಡಾಗಿಂದ ಮೈಯೆಲ್ಲ ಬೆಂಕಿ, ನಿದ್ದೆ ಇಲ್ಲ. ಈ ಕೈ ಯಾರದೋ ಅನ್ಸುತ್ತೆ. ಸ್ನಾನ ಮಾಡುವಾಗ ಕಣ್ಣು ಮುಚ್ಕೋತೀನಿ." ಅಣ್ಣನ ಕಡೆ ಕೈ ತೋರಿಸಿದಳು. "ಇವರಿಗೂ ನನ್ನ ಕಂಡ್ರೆ ಅಸಹ್ಯ. ಬೇರೆ ಮಲಗ್ತಾರೆ. ಅದು ತಪ್ಪು ಅಂತ ಹೇಳ್ತಿಲ್ಲ."

ಅಣ್ಣ ತಲೆಯ ಟೋಪಿ ತೆಗೆದು ಮುದ್ದೆ ಮಾಡಿದ. "ಅಸಹ್ಯನಾ? ಯಾರು ಹೇಳಿದ್ದು ನಿಂಗೆ? ನಿದ್ದೇಲಿ ನನ್ನ ಮೊಣಕೈ ತಾಗಿ ನೋವಾದೀತು ಅಂತ ಹೋದೆ ಕಣೆ."

"ಹೊಲಿಗೆ ಬಿಚ್ಚಿ ಎಷ್ಟು ಕಾಲ ಆಯ್ತು!"

"ನೀನು ಕರೀಲಿಲ್ಲ."

"ನಾನು ಕರೀಬೇಕಿತ್ತಾ?" ಅಂದವಳೇ ಅತ್ತುಬಿಟ್ಟಳು. ಆಪರೇಷನ್ ದಿನವೂ ಅವಳು ಅಷ್ಟು ಅತ್ತಿರಲಿಲ್ಲ. ಅಣ್ಣ ಟೋಪಿಯನ್ನೇ ಅವಳ ಕೈಗಿಟ್ಟ. ಅವಳು ಅದರಲ್ಲೇ ಕಣ್ಣೊರೆಸಿಕೊಂಡಳು.

ಡಾಕ್ಟರಮ್ಮ ಮಾತ್ರೆ ಬದಲಿಸಿದರು, ಕೈಗೆ ಬಿಗಿಯಾದ ತೋಳುಪಟ್ಟಿ ಕೊಡಿಸಿದರು. ನರ್ಸ್ ಒಬ್ಬಳು ಊತ ಇಳಿಯುವಂತೆ ಕೈ ನೀವುವುದನ್ನು ಅಣ್ಣನಿಗೆ ಕಲಿಸಿದಳು. "ಹಿಟ್ಟು ನಾದೋ ಹಾಗೆ ಒತ್ತಬೇಡಿ, ಚರ್ಮ ಮಾತ್ರ ಸರೀಬೇಕು," ಎಂದು ಗದರುತ್ತಲೇ ಇದ್ದಳು.

ಊತ ಇಳಿಯಿತು, ಪೂರ್ತಿ ಹೋಗಲಿಲ್ಲ. ತಂದೂರಿಗೆ ಈಗ ಅಣ್ಣನೇ ಬಗ್ಗುತ್ತಾನೆ. ಅವನು ತಟ್ಟಿದ ರೊಟ್ಟಿ ಎಷ್ಟೋ ಸಲ ಬೂದಿಗೆ ಬೀಳುತ್ತದೆ. ಅತ್ತಿಗೆ ಜಗಲಿಯಲ್ಲಿ ಕೂತು ಬೈಯುತ್ತಾಳೆ. ಕೆಲವು ದಿನ ಏಳುವುದಕ್ಕೇ ಆಗುವುದಿಲ್ಲ. "ಅತ್ತೆ, ಇವತ್ತು ನನ್ನ ಕೈಲಾಗಲ್ಲ," ಅಂದರೆ ಅಮ್ಮ ಚಹಾ ತಂದಿಟ್ಟು ಹೋಗುತ್ತಾಳೆ.

ಈ ಬೇಸಿಗೆಯಲ್ಲಿ ಬೀಬಿಸೋರಾಳ ಸೊಸೆಗೂ ಗಂಟು ಸಿಕ್ಕಿತು. ಕುಯ್ಯಿಸಿಕೊಳ್ಳುವ ಬದಲು ಸಾಯುತ್ತೇನೆ ಅಂತ ಆ ಹುಡುಗಿ ಬಾಗಿಲು ಹಾಕಿಕೊಂಡಳು. ಅತ್ತಿಗೆ ಹೋಗಿ ಬಾಗಿಲು ತೆಗೆಸಿ, ಅವಳೆದುರು ಅಂಗಿಯ ಗುಂಡಿ ಬಿಚ್ಚಿ ಗಾಯದ ಕಲೆ ತೋರಿಸಿದಳು.

"ನೋಡಮ್ಮ, ಇಷ್ಟೇ. ಆಮೇಲೂ ಕಷ್ಟ ಇದೆ, ಸುಳ್ಳು ಹೇಳಲ್ಲ. ಆದ್ರೆ ಬದುಕ್ತೀವಿ."

ಹುಡುಗಿ ಹತ್ತಿರ ಸರಿದು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಮುಟ್ಲಾ?"

"ಮುಟ್ಟು," ಅಂದಳು ಅತ್ತಿಗೆ.