ಆಟಕ್ಕೆ ಮುಂಚೆ ಒಂದು ತುತ್ತು

ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿದ್ದ ಅವಳಿಗೆ ಶನಿವಾರವೆಂದರೆ ಅರ್ಧ ದಿನದ ಕೆಲಸ. ಹಾಗಂತ ಕ್ಲಿನಿಕ್ಕಿನ ಬಾಗಿಲ ಮೇಲಿನ ಬೋರ್ಡು ಹೇಳುತ್ತಿತ್ತೇ ಹೊರತು ಡಾಕ್ಟರು ಹೇಳುತ್ತಿರಲಿಲ್ಲ. ಆ ಶನಿವಾರ ಒಬ್ಬ ದಪ್ಪ ಮನುಷ್ಯನ ದವಡೆಹಲ್ಲು ಕೀಳುವಾಗ ಅರ್ಧಕ್ಕೇ ಮುರಿದು, ಬೇರು ಒಳಗೇ ಉಳಿದುಬಿಟ್ಟಿತು. ಅವನ ಬಾಯಿಗೆ ದೀಪ ಹಿಡಿದುಕೊಂಡು, ಎಂಜಲು ಎಳೆಯುವ ನಳಿಕೆ ಹಿಡಿದುಕೊಂಡು, ನಡುನಡುವೆ ಅವನ ಭುಜವನ್ನೂ ಹಿಡಿದುಕೊಂಡು ಅವಳು ಬೆಳಗಿನಿಂದ ನಿಂತೇ ಇದ್ದಳು. ಹೊಟ್ಟೆಗೆ ಬಿದ್ದದ್ದು ಎದ್ದಾಗ ಕುಡಿದ ಒಂದು ಲೋಟ ಚಹಾ ಮಾತ್ರ. ಪರವಾಗಿಲ್ಲ, ಆಟಕ್ಕೆ ಮುಂಚೆ ಎಲ್ಲರೂ ಕೂತು ಹೊರಗೆ ಊಟ ಮಾಡುವುದು ಎಂದು ವಾರದ ಹಿಂದೆಯೇ ಮಾತಾಗಿತ್ತಲ್ಲ.

ಆಟ ಮಧ್ಯಾಹ್ನ ಮೂರಕ್ಕೆ. ನಾದಿನಿ ಮೊದಲ ಸಲ ದೊಡ್ಡ ರಂಗಮಂದಿರದಲ್ಲಿ ಬಣ್ಣ ಹಚ್ಚುತ್ತಿದ್ದಳು. ಮನೆಯಲ್ಲಿ ಅವಳನ್ನು ಪುಟ್ಟಿ ಎಂದೇ ಕರೆಯುವುದು. ಇಪ್ಪತ್ತೇಳು ವರ್ಷವಾದರೂ ಪುಟ್ಟಿಯೇ. ಪಾತ್ರ ಚಿಕ್ಕದು. ಮೊದಲ ದೃಶ್ಯದಲ್ಲಿ ಬಂದು, ನಾಲ್ಕು ಮಾತಾಡಿ, ಒಳಗೆ ಹೋದರೆ ಮತ್ತೆ ಬರುವುದಿಲ್ಲ. "ಐದು ನಿಮಿಷ ತಡವಾಗಿ ಬಂದ್ರೆ ನನ್ನ ನೋಡೋಕೇ ಬರಬೇಡಿ," ಎಂದು ಪುಟ್ಟಿ ಮೂರು ಮೂರು ಸಲ ಎಚ್ಚರಿಸಿದ್ದಳು.

ಕ್ಲಿನಿಕ್ಕಿನಿಂದ ಅವಳು ರಂಗಮಂದಿರದ ಮುಂದೆ ಬಂದಾಗ ಗಂಡನೂ ಮಾವನೂ ಮೆಟ್ಟಿಲ ಬಳಿ ಕಾಯುತ್ತಿದ್ದರು. ಗಂಡ ಡ್ರೈವಿಂಗ್ ಕಲಿಸುವವನು. ಕಲಿಯುವವರು ಗೋಡೆಗೆ ನುಗ್ಗಿಸಿದರೂ ದನಿ ಏರಿಸದೆ "ನಿಧಾನ, ನಿಧಾನ" ಎನ್ನುವುದು ಅವನ ಕಸುಬು, ಈಗೀಗ ಸ್ವಭಾವವೂ ಅದೇ ಆಗಿತ್ತು. ಮಾವ ರೈಲಿನಲ್ಲಿ ಟಿಕೆಟ್ ಪರೀಕ್ಷಕರಾಗಿದ್ದು ನಿವೃತ್ತರಾದವರು. ಅವರ ಕಣ್ಣಿಗೆ ಲೋಕದಲ್ಲಿ ಎಲ್ಲರೂ ಟಿಕೆಟ್ಟಿಲ್ಲದೆ ಹತ್ತಿದವರೇ, ಹಿಡಿಯುವುದೊಂದು ಬಾಕಿ. ಅತ್ತೆ ಮಂಡಿನೋವೆಂದು ಮನೆಯಲ್ಲೇ ಉಳಿದಿದ್ದರು; ಆದರೆ ಫೋನಿನಲ್ಲಿ ಜೊತೆಗೇ ಇದ್ದರು.

"ಬಂದ್ಯಾಮ್ಮ? ಬಾ, ಬಾ. ಊಟ ಅಂತ ಅಷ್ಟು ಅವಸರ ಏನಿಲ್ಲ," ಎಂದರು ಮಾವ.

"ನನಗಿದೆ ಮಾವ. ಕಣ್ಣು ಕತ್ತಲೆ ಬರ್ತಿದೆ."

ರಂಗಮಂದಿರಕ್ಕೆ ತಾಗಿದಂತೆಯೇ ಒಂದು ಹೋಟೆಲಿತ್ತು. ಬಿಳಿ ಬಟ್ಟೆ ಹಾಸಿದ ಮೇಜು, ಮಡಿಸಿಟ್ಟ ಕರವಸ್ತ್ರ. ದುಬಾರಿ ಎಂದು ಹೊರಗಿನಿಂದಲೇ ಗೊತ್ತಾಗುತ್ತಿತ್ತು, ಆದರೆ ಅವಳ ಕಾಲು ಕೇಳಬೇಕಲ್ಲ. ಹೋಗಿ ಕೂತೇಬಿಟ್ಟಳು. ಮೇಜಿನ ಮೇಲೆ ಬುಟ್ಟಿಯಲ್ಲಿ ಬಿಸಿ ಬ್ರೆಡ್ಡು. ಅವಳು ಒಂದು ತುಂಡನ್ನು ಕೈಗೆತ್ತಿಕೊಂಡಳು.

"ಮುಟ್ಟಬೇಡ!" ಎಂದರು ಮಾವ ಪಿಸುದನಿಯಲ್ಲಿ. "ಮುಟ್ಟಿದ್ರೆ ಬಿಲ್ಲಿಗೆ ಸೇರಿಸ್ತಾರೆ."

ಅವರು ಮೆನುವನ್ನು ಎತ್ತಿ ಮುಂದೆ ನೋಡಿದರು, ಹಿಂದೆ ನೋಡಿದರು, ಕಿಟಕಿಯ ಬೆಳಕಿಗೆ ಹಿಡಿದೂ ನೋಡಿದರು.

"ಏನಪ್ಪಾ, ಸೂಪಿಗೆ ಇಷ್ಟು ಅಂತ ಬರೆದಿದೀರಲ್ಲ, ಕುಡಿದಾದ ಮೇಲೆ ಬಟ್ಟಲನ್ನ ಮನೆಗೆ ಕೊಡ್ತೀರಾ?" ಎಂದು ಪರಿಚಾರಕನನ್ನು ಕೇಳಿದರು.

ಪರಿಚಾರಕ ನಗಲಿಲ್ಲ. ಗಂಡ ನೆಲ ನೋಡಿದ. ಮಾವ ಎದ್ದರು. ಮಾವ ಎದ್ದ ಮೇಲೆ ಗಂಡನೂ ಎದ್ದ. ಅವಳು ಬ್ರೆಡ್ಡಿನ ತುಂಡನ್ನು ಬುಟ್ಟಿಗೆ ಹಾಕಿ, ಬೆರಳಿಗೆ ಅಂಟಿದ ಪುಡಿಯನ್ನು ಯಾರಿಗೂ ಕಾಣದಂತೆ ನೆಕ್ಕಿಕೊಂಡು ಹೊರಗೆ ಬಂದಳು.

"ಬೆಲೆ ಜಾಸ್ತಿನೇ ಇತ್ತು ಬಿಡು," ಎಂದ ಗಂಡ.

"ನಾನೇನಾದ್ರೂ ಅಂದ್ನಾ?" ಎಂದಳು ಅವಳು.

ಎರಡನೆಯದು ರಸ್ತೆ ದಾಟಿದರೆ ಸಿಗುವ ಜಾಗ. ಅಲ್ಲಿ ಆಟದ ದಿನ ಒಂದೇ ಬಗೆಯ ಊಟ. ಸೂಪು, ಅನ್ನ, ಕೋಳಿ, ಕೊನೆಗೊಂದು ಸಿಹಿ, ಎಲ್ಲ ಸೇರಿ ಒಂದು ಬೆಲೆ. ಅಷ್ಟೇನೂ ಹೆಚ್ಚಿರಲಿಲ್ಲ. ಅವಳು ಮನಸ್ಸಿನಲ್ಲೇ ಚಮಚ ಹಿಡಿದಿದ್ದಳು. ಮಾವ ಗಲ್ಲಾಪೆಟ್ಟಿಗೆಯ ಮುಂದೆ ನಿಂತರು.

"ನಮಗೆ ಸಿಹಿ ಬೇಡ. ಅದರ ದುಡ್ಡು ಕಳೀರಿ."

"ಕಳೆಯೋಕೆ ಬರಲ್ಲ ಸರ್. ಒಟ್ಟಿಗೇ ಇರೋದು."

"ತಿನ್ನದೇ ಇರೋದಕ್ಕೆ ದುಡ್ಡಾ? ಇಳಿಯೋ ಊರಿಗಿಂತ ಮುಂದಿನ ಊರಿಗೆ ಟಿಕೆಟ್ ಕೊಡ್ತೀನಿ ಅಂದ ಹಾಗಾಯ್ತಲ್ಲ ಇದು!"

"ಮಾವ, ಆ ಸಿಹಿ ನಾನು ತಿಂತೀನಿ. ನಿಮ್ಮದೂ ತಿಂತೀನಿ. ಮೂರೂ ನಾನೇ ತಿಂತೀನಿ," ಎಂದಳು ಅವಳು.

"ಹಲ್ಲಿನ ಡಾಕ್ಟರ ಹತ್ರ ಕೆಲಸ ಮಾಡೋಳು ಆಡೋ ಮಾತಾಮ್ಮ ಇದು?" ಎನ್ನುತ್ತ ಮಾವ ಆಗಲೇ ಬಾಗಿಲು ದಾಟಿದ್ದರು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅತ್ತೆ.

"ಊಟ ಆಯ್ತೇನೆ?"

"ಇಲ್ಲ ಅತ್ತೆ. ಇನ್ನೂ ಹುಡುಕ್ತಿದೀವಿ."

"ಅಯ್ಯೋ, ಅಷ್ಟು ದೊಡ್ಡ ಪೇಟೇಲಿ ಊಟ ಸಿಗಲ್ವಾ? ಏನಾದ್ರೂ ಬಿಸಿಬಿಸಿ ತಿನ್ನಿ. ಅವರಿಗೆ ಖಾರ ಕೊಡಿಸಬೇಡ."

ಖಾರವಂತೆ ಖಾರ! ಗಾಳಿ ಬಿಟ್ಟರೆ ಇನ್ನೇನೂ ಗಂಟಲಿಗೆ ಇಳಿಯದ ಹೊತ್ತಿನಲ್ಲಿ. ಅವಳು "ಆಗಲಿ ಅತ್ತೆ" ಎಂದು ಫೋನಿಟ್ಟಳು. ಬಿಸಿಲು ನೆತ್ತಿ ಸುಡುತ್ತಿತ್ತು. ಮಾವ ಮುಂದೆ, ಅವಳು ನಡುವೆ, ಗಂಡ ಹಿಂದೆ. ಯಾರಾದರೂ ಡಿಕ್ಕಿ ಹೊಡೆದರೆ ತಾನೇ ಬ್ರೇಕ್ ಒತ್ತಬೇಕು ಎನ್ನುವವನ ಹಾಗೆ ಅವನು ಇಬ್ಬರ ಮೇಲೂ ಕಣ್ಣಿಟ್ಟು ಬರುತ್ತಿದ್ದ. ಸಿಕ್ಕ ಸಿಕ್ಕ ಬಾಗಿಲಲ್ಲೆಲ್ಲ ಮಾವ ನಿಲ್ಲುವುದು, ಅಂಟಿಸಿದ ಬೆಲೆಪಟ್ಟಿ ಓದುವುದು, ತಲೆಯಾಡಿಸುವುದು, ಮುಂದಕ್ಕೆ ಹೊರಡುವುದು. ಒಂದು ಕಡೆ ಕುರ್ಚಿ ಎತ್ತರವಾಯಿತು, ಒಂದು ಕಡೆ ಹಾಡು ಜೋರಾಯಿತು. ಇನ್ನೊಂದು ಕಡೆ ಅಡುಗೆಯವನು ತುಂಬ ಸಣ್ಣಗಿದ್ದಾನೆ, ಅವನ ಅಡುಗೆ ಅವನೇ ತಿನ್ನದಿದ್ದರೆ ನಾವು ಹೇಗೆ ತಿನ್ನುವುದು ಎಂದರು.

ಕೊನೆಗೆ ಮೂಲೆಯಲ್ಲಿ ಒಂದು ಪುಟ್ಟ ಅಂಗಡಿ ಸಿಕ್ಕಿತು. ಗಾಜಿನ ಪೆಟ್ಟಿಗೆಯೊಳಗೆ ಆಗಷ್ಟೇ ಮಾಡಿದ ಆಮ್ಲೆಟ್ಟು, ಬೇಯಿಸಿದ ಆಲೂಗಡ್ಡೆ. ನಿಂತು ತಿನ್ನಲು ಕಟ್ಟೆ. ಚೊಕ್ಕಟವಾಗಿತ್ತು. ಬೆಲೆ ನೋಡಿ ಅವಳಿಗೆ ದೇವರೇ ಕಣ್ಣುಬಿಟ್ಟ ಎನ್ನಿಸಿತು; ಬಿಳಿ ಬಟ್ಟೆಯ ಹೋಟೆಲಿನ ಒಂದು ಸೂಪಿನ ದುಡ್ಡಿಗೆ ಇಲ್ಲಿ ಮೂವರೂ ಹೊಟ್ಟೆ ತುಂಬ ತಿನ್ನಬಹುದಿತ್ತು.

"ಇಲ್ಲೇ," ಎಂದಳು.

ಮಾವ ಬೆಲೆಯನ್ನು ಎರಡು ಸಲ ಓದಿದರು. "ಇಷ್ಟು ಅಗ್ಗ ಅಂದ್ರೆ ಏನೋ ಇದೆ ಕಣಮ್ಮ ಇದರಲ್ಲಿ. ಬೇಡ."

ಅವಳ ತಾಳ್ಮೆಯ ಕಟ್ಟೆ ಒಡೆದದ್ದು ಅಲ್ಲಿ.

"ಜಾಸ್ತಿ ಆದ್ರೂ ಬೇಡ, ಕಡಿಮೆ ಆದ್ರೂ ಬೇಡ! ನಿಮಗೆ ಏನು ಬೇಕು ಮಾವ? ಬಾಯಿ ಬಿಟ್ಟು ಹೇಳಿ. ಬೆಳಿಗ್ಗೆಯಿಂದ ಊರೋರ ಬಾಯೊಳಗೆ ನೋಡ್ಕೊಂಡು ನಿಂತಿದೀನಿ, ನನ್ನ ಬಾಯಿಗೆ ಒಂದು ತುತ್ತು ಹಾಕೋಕೆ ಯಾರಿಗೂ ಮನಸ್ಸಿಲ್ಲ. ನೀವೂ ಅಷ್ಟೇ ರೀ, ಕಂಬದ ಹಾಗೆ ನಿಂತಿದೀರಿ!"

ಮದುವೆಯಾಗಿ ಆರು ವರ್ಷದಲ್ಲಿ ಅವಳು ಮಾವನ ಎದುರು ದನಿ ಎತ್ತಿದ್ದು ಅದೇ ಮೊದಲು. ಅಂಗಡಿಯವನು ಆಮ್ಲೆಟ್ ತಿರುವುವುದನ್ನು ನಿಲ್ಲಿಸಿದ. ಗಂಡನ ಬಲಗಾಲು ಬ್ರೇಕ್ ಹುಡುಕುವ ಹಾಗೆ ತಾನಾಗಿ ನೆಲ ಒತ್ತಿತು.

ಮಾವ ಸಿಟ್ಟಾಗಲಿಲ್ಲ. ಕಟ್ಟೆಗೆ ಒರಗಿಕೊಂಡರು.

"ನನಗೇನೂ ಬೇಡಮ್ಮ. ನೆನ್ನೆಯಿಂದ ಗಂಟಲಲ್ಲಿ ಇಳೀತಿಲ್ಲ," ಎಂದರು. "ಎಂಟು ವರ್ಷದವಳಿದ್ದಾಗ ಸ್ಕೂಲಿನ ಸ್ಟೇಜ್ ಮೇಲೆ ನಿಲ್ಲಿಸಿದ್ರು ಪುಟ್ಟೀನ. ಒಂದೇ ಒಂದು ಮಾತು ಹೇಳಬೇಕಿತ್ತು. ಮಾತೇ ಹೊರಡಲಿಲ್ಲ ಮಗೂಗೆ. ಎಲ್ಲರೂ ನಗ್ತಾ ಇದ್ರು, ಹಂಗೇ ನಿಂತಿದ್ಲು. ನಾನೇ ಹತ್ತಿ ಎತ್ಕೊಂಡು ಬಂದೆ. ಇವತ್ತು ಹಂಗಾದ್ರೆ ಎತ್ಕೊಂಡು ಬರೋಕಾಗುತ್ತಾ ಹೇಳು? ಅದಕ್ಕೇ ಕಾಲು ಆ ಕಡೆ ಹೋಗ್ತಾನೇ ಇಲ್ಲ. ಇನ್ನೊಂದು ಅಂಗಡಿ, ಇನ್ನೊಂದು ಅಂಗಡಿ ಅಂತ..."

ಬೇರೆ ಹೊತ್ತಾಗಿದ್ದರೆ ಅವಳ ಮನಸ್ಸು ಕರಗುತ್ತಿತ್ತೋ ಏನೋ. ಹಸಿದ ಹೊಟ್ಟೆಗೆ ಕರಗುವಷ್ಟು ಪುರಸೊತ್ತಿರಲಿಲ್ಲ.

"ಅದನ್ನ ಮೊದಲೇ ಹೇಳಿದ್ರೆ ನಾನೊಬ್ಬಳಾದ್ರೂ ತಿಂದು ಬರ್ತಿದ್ನಲ್ಲ ಮಾವ!"

"ನೀನು ತಿನ್ನಬೇಡ ಅಂತ ನಾನೇನಾದ್ರೂ ಅಂದ್ನಾ? ಈಗ ತಿನ್ನು," ಎಂದರು ಮಾವ.

"ಈಗ ಟೈಮಿಲ್ಲ," ಎಂದ ಗಂಡ, ಗಡಿಯಾರ ನೋಡುತ್ತ.

ನಿಜವಾಗಿಯೂ ಇರಲಿಲ್ಲ. ಅವಳು ಪಕ್ಕದ ಅಂಗಡಿಯಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣ ಕೊಂಡು ಓಡುತ್ತಲೇ ಬಿಚ್ಚಿದಳು. ಒಂದು ಬಿಸ್ಕತ್ತು ಬಾಯಿಗೆ ಬಿತ್ತು, ಇನ್ನೊಂದು ನೆಲಕ್ಕೆ ಬಿತ್ತು. ಉಳಿದ ಪೊಟ್ಟಣವನ್ನು ರಂಗಮಂದಿರದ ಬಾಗಿಲಲ್ಲಿ ಕಾವಲಿನವಳು ಇಸಿದುಕೊಂಡು ಒಂದು ಡಬ್ಬಿಗೆ ಹಾಕಿದಳು.

"ಒಳಗೆ ತಿಂಡಿ ತರೋ ಹಾಗಿಲ್ಲ ಮೇಡಂ."

"ತಿನ್ನಲ್ಲ, ಸುಮ್ಮನೆ ಇಟ್ಕೊಂಡಿರ್ತೀನಿ."

"ಎಲ್ಲರೂ ಹಾಗೇ ಹೇಳ್ತಾರೆ."

ಅವರು ಕೂರುವುದಕ್ಕೂ ದೀಪ ಆರುವುದಕ್ಕೂ ಸರಿಹೋಯಿತು. ಪರದೆ ಸರಿದಾಗ ಅವಳಿಗೆ ಅಳುವೇ ಬಂತು. ವೇದಿಕೆಯ ನಡುವೆ ಊಟದ ಮೇಜು. ಅದರ ಮೇಲೆ ಬ್ರೆಡ್ಡು, ಬೆಣ್ಣೆ, ಹೊಗೆಯಾಡುವ ಬಟ್ಟಲು. ಪುಟ್ಟಿ ಬಾಡಿಗೆ ಮನೆಯ ಹುಡುಗಿಯಾಗಿ ಅಲ್ಲಿ ಕೂತು ನಿಜವಾಗಿಯೂ ತಿನ್ನುತ್ತಿದ್ದಳು. ಅದೂ ಎಂಥ ತಿನ್ನುವಿಕೆ! ಬೆಣ್ಣೆಯನ್ನು ಅಂಚಿನವರೆಗೂ ಸವರಿ, ಕಣ್ಣು ಮುಚ್ಚಿ, ಅಗಿದು.

ಮನೆಯೊಡತಿಯ ಪಾತ್ರದವಳು ಬಂದು ಬಾಡಿಗೆ ಕೇಳಿದಳು. ಪುಟ್ಟಿ ಮೊದಲ ಮಾತು ಹೇಳಿದಳು. ಎರಡನೆಯದನ್ನೂ ಹೇಳಿದಳು. ಜನ ನಕ್ಕರು. ಮೂರನೆಯದಕ್ಕೆ ಬಾಯಿ ತೆರೆದವಳು ಹಾಗೇ ಉಳಿದಳು.

ಸಭೆ ಕಾಯಿತು. ಮಾವ ಸೊಸೆಯ ಮಣಿಕಟ್ಟು ಹಿಡಿದರು. ಉಗುರು ಚರ್ಮಕ್ಕೆ ಇಳಿಯಿತು. ಅವರು ಸೀಟಿನಿಂದ ಅರ್ಧ ಎದ್ದಿದ್ದರು. ಗಂಡ ಅವರ ಅಂಗಿ ಜಗ್ಗಿದ. ಸೂಜಿ ಬಿದ್ದರೂ ಕೇಳುವಂಥ ಆ ಮೌನದಲ್ಲಿ ಅವಳ ಹೊಟ್ಟೆ ತನ್ನ ಪಾಡಿಗೆ ತಾನು, ಬೀದಿಯಲ್ಲಿ ಖಾಲಿ ಡ್ರಮ್ಮು ಉರುಳಿಸಿದ ಹಾಗೆ, ಉದ್ದಕ್ಕೆ ಗುಡುಗಿತು.

ಮುಂದಿನ ಸಾಲಿನವರು ಪೂರ್ತಿ ತಿರುಗಿ ನೋಡಿದರು. ಅವಳಿಗೆ ಕೂತ ನೆಲ ಬಾಯಿಬಿಟ್ಟರೆ ಸಾಕೆನ್ನಿಸಿತು.

ವೇದಿಕೆಯ ಮೇಲೆ ಪುಟ್ಟಿಯ ಹುಬ್ಬು ಮೇಲೇರಿತು. ಅವಳು ಕತ್ತಲಿನ ಕಡೆ ಬೆರಳು ತೋರಿಸಿ, "ಕೇಳಿಸ್ಕೊಂಡ್ರಾ ಮನೆಯೊಡತಿ? ನಿಮ್ಮ ಬಾಡಿಗೆದಾರರಲ್ಲಿ ನನಗಿಂತ ಹಸಿದೋರೂ ಇದಾರೆ," ಎಂದಳು.

ಸಭೆ ಘೊಳ್ಳೆಂದು ನಕ್ಕಿತು. ಮನೆಯೊಡತಿಯೂ ನಗು ತಡೆಯಲಾರದೆ ಬೆನ್ನು ತಿರುಗಿಸಿದಳು. ಆ ಗದ್ದಲ ಇಳಿಯುವಷ್ಟರಲ್ಲಿ ಪುಟ್ಟಿಗೆ ಮಾತು ಸಿಕ್ಕಿತ್ತು. ಮೂರನೆಯದು ಹೇಳಿದಳು, ನಾಲ್ಕನೆಯದು ಹೇಳಿದಳು, ಬ್ರೆಡ್ಡಿನ ಉಳಿದ ತುಂಡನ್ನು ಕೈಯಲ್ಲೇ ಹಿಡಿದು ಒಳಗೆ ಹೋದಳು. ಚಪ್ಪಾಳೆ ಬಿತ್ತು. ಮಾವ ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದರು, ಆಮೇಲೆ ಕಣ್ಣೊರೆಸಿಕೊಂಡರು, ಆಮೇಲೆ ಸೊಸೆಯ ಕಿವಿಯ ಬಳಿ ಬಾಗಿದರು.

"ಏನಮ್ಮಾ, ಈಗ ಸ್ವಲ್ಪ ಹಸಿವಾಗ್ತಿದೆ ನೋಡು."

ಅವಳು ವೇದಿಕೆಯ ಕಡೆಗೇ ಮುಖ ತಿರುಗಿಸಿದಳು. ಬಾಯಿ ಬಿಟ್ಟಿದ್ದರೆ ಸಭೆಯಲ್ಲಿ ಆಡಬಾರದ ಮಾತಾಗುತ್ತಿತ್ತು.

ವಿರಾಮದಲ್ಲಿ ತಿಂಡಿ ಮಾರುವ ಕಿಟಕಿಯ ಮುಂದೆ ಸಾಲು ಹಾವಿನ ಬಾಲದ ಹಾಗೆ ಮೆಟ್ಟಿಲವರೆಗೂ ಬಂದಿತ್ತು. ಮಾವನೇ ಹೋಗಿ ನಿಂತರು. ಮುಂದೆ ಇನ್ನೊಬ್ಬರೇ ಇದ್ದಾರೆ ಎನ್ನುವಾಗ ಗಂಟೆ ಬಾರಿಸಿತು. ಉಳಿದ ನಾಟಕದಲ್ಲಿ ಯಾರು ಯಾರನ್ನು ಮದುವೆಯಾದರು, ಯಾರು ಸತ್ತರು ಎನ್ನುವುದು ಅವಳಿಗೆ ಇಂದಿಗೂ ಸರಿಯಾಗಿ ಗೊತ್ತಿಲ್ಲ.

ಹೊರಗೆ ಬಂದಾಗ ಇನ್ನೂ ಬೆಳಕಿತ್ತು. ಪುಟ್ಟಿ ಕತ್ತಿನಲ್ಲಿ ಅರ್ಧ ಬಣ್ಣ ಉಳಿಸಿಕೊಂಡೇ ಓಡಿಬಂದಳು. ಮಾವ ಮಗಳ ತಲೆ ಸವರಿ, "ಚೆನ್ನಾಗಿ ಮಾಡ್ದೆ ಕಣೆ," ಎಂದಷ್ಟೇ ಅಂದು, "ನಡೀರಿ, ಊಟ. ಯಾವ ಹೋಟೆಲಾದ್ರೂ ಸರಿ. ಬೆಲೆ ಯಾರೂ ಕೇಳಬೇಡಿ," ಎಂದು ಹೊರಟೇಬಿಟ್ಟರು.

ಬೆಲೆ ಕೇಳುವ ಪ್ರಶ್ನೆಯೇ ಬರಲಿಲ್ಲ. ಬಿಳಿ ಬಟ್ಟೆಯ ಹೋಟೆಲಿಗೆ ಬೀಗ. ರಾತ್ರಿ ಊಟಕ್ಕೆ ಏಳಕ್ಕೆ ತೆರೆಯುತ್ತದಂತೆ. ಎದುರಿನದಕ್ಕೂ ಬೀಗ. ಮೂಲೆಯ ಅಂಗಡಿಯ ಗಾಜಿನ ಪೆಟ್ಟಿಗೆ ತೊಳೆದು ಒಣಹಾಕಿತ್ತು.

"ನನ್ನ ಒಂದು ಮಾತು ಕೇಳಬಾರದಿತ್ತಾ ಅತ್ತಿಗೆ?" ಎಂದಳು ಪುಟ್ಟಿ. "ನಾವು ದಿನಾ ತಿನ್ನೋ ಜಾಗ ಹಿಂದಿನ ಗಲ್ಲೀಲೇ ಇದೆ."

"ಯಾರನ್ನ ಕೇಳಲಿ? ನೀನು ವಾರದಿಂದ ಫೋನ್ ಎತ್ತಿದ್ಯಾ?"

ಹಿಂದಿನ ಗಲ್ಲಿಯಲ್ಲಿ, ಟೈರು ರಿಪೇರಿ ಅಂಗಡಿಯ ಪಕ್ಕಕ್ಕೆ, ಬೋರ್ಡಿಲ್ಲದ ಒಂದು ಕೋಣೆ. ಅಡುಗೆಯಾಕೆ ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿಡುತ್ತಿದ್ದಳು.

"ಎಲ್ಲ ಖಾಲಿ. ಮೊಟ್ಟೆ ಇದೆ, ನಿನ್ನೇದೋ ಇವತ್ತಿಂದೋ ಬ್ರೆಡ್ ಇದೆ. ಬೇಕಾದ್ರೆ ಕೂತ್ಕೊಳ್ಳಿ."

"ಮೆನು ಎಲ್ಲಿದೆ?" ಎಂದರು ಮಾವ ಅಭ್ಯಾಸಬಲದಿಂದ. ಮೂವರೂ ಒಟ್ಟಿಗೆ ಅವರನ್ನೇ ನೋಡಿದರು. ಅವರು ಕುರ್ಚಿ ಇಳಿಸಿಕೊಂಡು ಕೂತರು.

ಮೊಟ್ಟೆ ಬಂತು. ಅಂಚು ಸೀದಿತ್ತು, ಬ್ರೆಡ್ಡು ಖಂಡಿತ ನಿನ್ನೆಯದು. ಅವಳಿಗೆ ಇದಕ್ಕಿಂತ ಚೆನ್ನಾಗಿರಬಹುದಿತ್ತು ಎನ್ನುವುದು ಗೊತ್ತಾಗುವಷ್ಟರಲ್ಲಿ ತಟ್ಟೆ ಖಾಲಿಯಾಗಿತ್ತು. ಆದರೂ ತಲೆನೋವು ಹೋಗಲಿಲ್ಲ. ಸಿಟ್ಟೂ ಪೂರ್ತಿ ಹೋಗಲಿಲ್ಲ.

"ನಿರ್ದೇಶಕರು ಬೈತಾರೆ ಅಂದ್ಕೊಂಡಿದ್ದೆ," ಎಂದಳು ಪುಟ್ಟಿ. "ಆ ಹಸಿದೋರ ಮಾತು ಇರಲಿ, ನಾಳೆ ಆಟಕ್ಕೂ ಹೇಳು ಅಂದ್ರು. ಆದ್ರೆ ಹೊಟ್ಟೆ ಸದ್ದಿಗೆ ಏನು ಮಾಡೋದು? ಅತ್ತಿಗೇನ ನಾಳೆನೂ ಉಪವಾಸ ಕರ್ಕೊಂಡು ಬನ್ನಿ ಅಣ್ಣ."

"ನಾಳೆ ನಿಮ್ಮಪ್ಪನ್ನ ಕರ್ಕೋ," ಎಂದಳು ಅವಳು. "ನಾನು ಮನೇಲಿ ಕೂತು ಮೂರು ಹೊತ್ತೂ ಉಣ್ತೀನಿ."

ಗಂಡ ನಕ್ಕ, ನಕ್ಕದ್ದಕ್ಕೆ ಅವಳ ನೋಟ ಉಂಡ. ಫೋನು ಮತ್ತೆ ಬಡಿದುಕೊಂಡಿತು. ಅವಳು ಅದನ್ನು ಮಾವನ ಕಡೆ ತಳ್ಳಿದಳು.

"ಹ್ಞೂ ಕಣೆ, ಆಯ್ತು ಊಟ," ಎಂದರು ಮಾವ ಬಾಯಿ ತುಂಬಿಕೊಂಡು. "ಮಗಳು ಹೆದರಲೇ ಇಲ್ಲ, ಸಿಂಹದ ಹಾಗೆ ಮಾತಾಡಿದ್ಲು... ಏನು, ಸೊಸೇನಾ? ತಿಂದ್ಲು, ತಿಂದ್ಲು. ಪಾಪ, ಆಟಕ್ಕೆ ಮುಂಚೆ ನಾನೇ ಅಲೆದಾಡಿಸಿಬಿಟ್ಟೆ ಕಣೆ ಅವಳನ್ನ." ಆಮೇಲೆ ಫೋನನ್ನು ಕಿವಿಯಿಂದ ಸ್ವಲ್ಪ ಸರಿಸಿ, ಅಡುಗೆಮನೆಯ ಕಡೆ ತಿರುಗಿದರು. "ಅಮ್ಮಾ, ಈ ಹುಡುಗಿಗೆ ಇನ್ನೆರಡು ಮೊಟ್ಟೆ ಹಾಕಿ. ಅಂಚು ಸೀಯದ ಹಾಗೆ."

"ಸೀದ್ರೂ ಪರವಾಗಿಲ್ಲ, ಬೇಗ ಹಾಕಿ," ಎಂದಳು ಅವಳು.