ಹನ್ನೊಂದನೇ ನಿಮಿಷ

ನರ್ಮದಾ ಟೀಚರ್ ತಮ್ಮ ಕಾರನ್ನು ಚೆಟ್ಟಳ್ಳಿಯ ನನ್ನ ಗ್ಯಾರೇಜಿಗೆ ತಂದದ್ದು ಅದು ಮೂರನೆಯ ಸಲ. ಪಕ್ಕದ ಸೀಟಿನಲ್ಲಿ ಅವರ ಅಣ್ಣ ಕಿಟ್ಟು ಭಟ್ಟರಿದ್ದರು. ಕಾರು ನಿಂತದ್ದೇ ತಡ, ಭಟ್ಟರು ಇಳಿದು ಪಂಚೆ ಎತ್ತಿ ಕಟ್ಟಿಕೊಂಡು ದೇವಸ್ಥಾನದ ಕಡೆ ಓಡಿದರು. ಪೂಜೆಯ ಹೊತ್ತು.

"ಕೆಂಪಣ್ಣ, ನಾಳೆ ಹತ್ತು ಗಂಟೆಗೆ ಮಡಿಕೇರಿಯಲ್ಲಿ ಡ್ರೈವಿಂಗ್ ಟೆಸ್ಟು," ಎಂದರು ಟೀಚರ್. "ಎರಡು ಸಲ ಫೇಲಾಗಿದೆ. ಎರಡು ಸಲಾನೂ ಏರಿನಲ್ಲಿ ನಿಲ್ಲಿಸಿದ ತಕ್ಷಣ ಎಂಜಿನ್ ಆಫ್."

"ಹೋದ ಸಲಾನೇ ಹೇಳಿದ್ನಲ್ಲ ಟೀಚರ್. ಅದು ಆಫ್ ಆಗ್ತಿಲ್ಲ, ನೀವು ಆಫ್ ಮಾಡ್ತಿದ್ದೀರಿ. ಕಪ್ಪೆ ನೆಗೆದಂಗೆ ಕ್ಲಚ್ಚಿಂದ ಕಾಲು ತೆಗೀತೀರಿ."

ಅವತ್ತು ಒಂದು ಪಿಕಪ್ಪಿನ ಗೇರ್‌ಬಾಕ್ಸ್ ಬಿಚ್ಚಿ ಹರಡಿಕೊಂಡು ಕೂತಿದ್ದೆ. ಕಾಫಿ ಕೊಯ್ಲಿನ ಕಾಲ. ಪಿಕಪ್ ಬೇಕೆಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗಂಟೆಗೊಂದು ಫೋನ್ ಮಾಡುತ್ತಿದ್ದ. ಟೀಚರ್ ಅಲ್ಲಾಡಲಿಲ್ಲ. ಅವರ ಹೊಸ ಶಾಲೆ ತೋಟಗಳ ಒಳಗಿದೆ. ಕೊನೆಯ ಬಸ್ಸು ಶಾಲೆ ಬಿಡುವ ಮೊದಲೇ ಹೋಗುತ್ತದೆ. ಆಮೇಲೆ ಮೂರು ಕಿಲೋಮೀಟರ್ ನಡೆಯಬೇಕು, ಆನೆ ದಾಟುವ ದಾರಿ. ಹೋದ ವಾರ ಆನೆ ಬಂದು, ಒಂದು ಗಂಟೆ ತೋಟದ ಕೆಲಸದವರ ಲೈನ್ ಮನೆಯೊಂದರಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರಂತೆ. ಕಲಿಯುವವರ ಲೈಸೆನ್ಸು ಈ ತಿಂಗಳಿಗೆ ಮುಗಿಯುತ್ತದೆ. ನಾಳೆ ಆಗದಿದ್ದರೆ ಎಲ್ಲ ಮೊದಲಿನಿಂದ.

ಅವರು ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. "ಆರು ದಿನ ಬರೆದಿಟ್ಟಿದ್ದೀನಿ. ತಣ್ಣಗಿದ್ದಾಗ ಚೆನ್ನಾಗಿರುತ್ತೆ. ಹತ್ತು, ಹನ್ನೊಂದು ನಿಮಿಷಕ್ಕೆ ನಡುಗೋಕೆ ಶುರು, ಆಮೇಲೆ ಆಫ್."

"ಕಾಲು ಎಲ್ಲಿತ್ತು ಅಂತ ಬರ್ದಿದ್ದೀರಾ?"

"ಬರೆದಿದ್ದೀನಿ. ಎರಡೂ ಕಾಲು ಅಂಗಳದಲ್ಲಿತ್ತು. ನಾನು ಕಾರಿನ ಹೊರಗೆ ನಿಂತಿದ್ದೆ."

ಸ್ಪ್ಯಾನರ್ ಕೆಳಗಿಟ್ಟೆ.

ಕಾರನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟಾರ್ಟ್ ಮಾಡಿ ಹೊರಗೆ ಬಂದು ನಿಂತೆ. ಟೀಚರ್ ಗಡಿಯಾರ ನೋಡುತ್ತಾ ನಿಂತರು. ಒಂಬತ್ತು ನಿಮಿಷ ಯಾವ ತಕರಾರೂ ಇಲ್ಲ. ಹತ್ತಕ್ಕೆ ಬಾನೆಟ್ ಸಣ್ಣಗೆ ಅದುರಿತು. ಹನ್ನೊಂದಾಗುತ್ತಿದ್ದಂತೆ ಎಂಜಿನ್ ಎರಡು ಸಲ ಬಿಕ್ಕಳಿಸಿ ಸತ್ತುಹೋಯಿತು. ಟೀಚರ್ ನೋಟ್‌ಬುಕ್ ತೆರೆದು ನಿಮಿಷ ಬರೆದುಕೊಂಡರು. ಬೈದಿದ್ದರೆ ವಾಸಿಯಿತ್ತು.

ಮತ್ತೆ ಸ್ಟಾರ್ಟ್ ಮಾಡಿದೆ. ಆಕ್ಸಿಲರೇಟರ್ ಒತ್ತಿದರೆ ಚೆನ್ನಾಗಿ ಓಡುತ್ತದೆ, ಬಿಟ್ಟರೆ ಸಾಯುತ್ತದೆ. ಪ್ಲಗ್ ಬಿಚ್ಚಿ ನೋಡಿದೆ, ಸರಿಯಿದ್ದವು. ಗಾಳಿ ಒಳಗೆ ಹೋಗುವ ಬಾಯಿಗೆ ಕಟ್ಟಿದ್ದ ಮಸಿ ಒರೆಸಿದೆ, ಪ್ರಯೋಜನವಾಗಲಿಲ್ಲ. ಪೆಟ್ರೋಲ್ ಕಮ್ಮಿಯಾಗಿದ್ದರೆ ಏರು ಹತ್ತುವಾಗ ಕೈಕೊಡಬೇಕಿತ್ತು. ಇದು ನಿಂತಲ್ಲಿ ಕೈಕೊಡುತ್ತಿದೆ. ಅಂದರೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ನಿಂತಲ್ಲೇ ಓಡುವಾಗ ಎಂಜಿನ್ ಅಳತೆಯ ಗಾಳಿ ಕುಡಿಯುತ್ತದೆ, ಅದಕ್ಕೆ ಸ್ವಲ್ಪ ಹೆಚ್ಚಾದರೂ ಲೆಕ್ಕ ತಪ್ಪುತ್ತದೆ. ಜೋರಾಗಿ ಓಡುವಾಗ ಅಷ್ಟು ಗಾಳಿ ಗೊತ್ತೇ ಆಗುವುದಿಲ್ಲ.

ಬಾಟಲಿಯಲ್ಲಿ ನೀರು ಹಿಡಿದು ಒಂದೊಂದೇ ರಬ್ಬರ್ ಪೈಪಿನ ಮೇಲೆ ತೊಟ್ಟಿಕ್ಕಿಸುತ್ತಾ ಹೋದೆ. ಎಂಜಿನ್ನಿನ ಹಿಂಭಾಗದಲ್ಲಿ, ಬೆರಳು ದಪ್ಪದ ಒಂದು ಪೈಪಿನ ತುದಿಗೆ ನೀರು ಬಿದ್ದು ಗಾಳಿಯ ದಾರಿ ಮುಚ್ಚಿದ್ದೇ ಎಂಜಿನ್ ಒಂದು ಕ್ಷಣ ಸಮಾಧಾನವಾಯಿತು. ನೀರು ಒಳಗೆ ಎಳೆದುಕೊಂಡ ಮೇಲೆ ಮತ್ತೆ ನಡುಕ. ಆಫ್ ಮಾಡಿ ಅಲ್ಲಿ ಕೈ ತೂರಿಸಿದೆ. ಏನೋ ಸುತ್ತಿದಂತಿತ್ತು. ಟಾರ್ಚ್ ಬಿಟ್ಟು ನೋಡಿದರೆ ಬಾಳೆನಾರು! ಸುಟ್ಟು ಕರ್ರಗಾಗಿತ್ತು.

"ಟೀಚರ್, ಈ ಎಂಜಿನ್‌ಗೆ ಹೂ ಮುಡಿಸಿದೋರು ಯಾರು?"

ಅವರು ಬಗ್ಗಿ ನೋಡಿದರು. "ಇದು ನಮ್ಮಣ್ಣನ ಗಂಟು. ತುಳಸಿಮಾಲೆಗೆ ಹೀಗೇ ಹಾಕ್ತಾನೆ."

ಆಗ ನೆನಪಾಯಿತು ಅವರಿಗೆ. ಆಯುಧಪೂಜೆಯ ದಿನ ಭಟ್ಟರು ಬಾನೆಟ್ ಎತ್ತಿ, ಕರಿಮೆಣಸಿನ ಬಳ್ಳಿಗೆ ಔಷಧಿ ಹೊಡೆಯುವ ಪಂಪಿನಿಂದ ಎಂಜಿನ್ ತೊಳೆದಿದ್ದರು. ಆ ರಭಸಕ್ಕೆ ಹಳೆಯ ಪೈಪಿನ ತುದಿ ಸೀಳಿರಬೇಕು. ಎರಡು ಟೆಸ್ಟೂ ಅದಾದ ಮೇಲಿನವೇ.

ಅಷ್ಟರಲ್ಲಿ ಭಟ್ಟರು ಪ್ರಸಾದ ಹಿಡಿದು ಬಂದರು. "ಏನು ಕೆಂಪಣ್ಣ, ನಮ್ಮ ತಂಗಿ ಕಾಲಿಗೆ ಬುದ್ಧಿ ಬಂತಾ?"

"ಕಾಲಿಗಲ್ಲ ಭಟ್ರೇ, ನಿಮ್ಮ ಕೈಗೆ ಬರಬೇಕಿತ್ತು. ಪೈಪ್ ಸೀಳಿದ್ದು ನೋಡಿ ಒಂದು ಮಾತು ಹೇಳೋದಲ್ವಾ?"

"ಸೀಳಿತ್ತು, ಬಿಗಿಯಾಗಿ ಕಟ್ಟಿದ್ದೆನಲ್ಲ! ನಮ್ಮಲ್ಲಿ ಕಲಶದ ಮಾವಿನೆಲೆಯಿಂದ ಚಪ್ಪರದ ತೋರಣದವರೆಗೆ ಎಲ್ಲ ಬಾಳೆನಾರಲ್ಲೇ ನಿಲ್ಲೋದು."

"ಕಲಶ ಕಾದು ಕೆಂಡ ಆಗಲ್ಲ ಕಣ್ರೀ! ಎಂಜಿನ್ ಆಗುತ್ತೆ. ರಬ್ಬರ್ ಮೆತ್ತಗಾಗಿ ಸೀಳು ಬಾಯಿ ಬಿಡುತ್ತೆ. ನಿಮ್ಮ ಒಣಗಿದ ನಾರು ಏನು ಹಿಡೀತದೆ? ಇವರು ಎರಡು ತಿಂಗಳಿಂದ ಎಲ್ಲರ ಕೈಲೂ ಬೈಸ್ಕೊಂಡ್ರು."

"ನೀವೂ ಬೈದ್ರಿ," ಎಂದರು ಟೀಚರ್.

"ನಾನೂ ಬೈದೆ," ಎಂದೆ. "ನೋಡದೆ ಬೈದೆ. ತಪ್ಪಾಯ್ತು."

ಭಟ್ಟರು ಪ್ರಸಾದ ಕೊಡುವುದನ್ನೇ ಮರೆತು ನಿಂತಿದ್ದರು.

ಸೀಳಿದ ಒಂದಿಂಚು ಕತ್ತರಿಸಿದೆ. ಪೈಪು ಉದ್ದವಿತ್ತು, ಎಟುಕಿತು. ಹೊಸ ಕ್ಲಿಪ್ ಹಾಕಿ ಬಿಗಿಮಾಡಿ ಸ್ಟಾರ್ಟ್ ಮಾಡಿದೆ. ಹನ್ನೊಂದು ನಿಮಿಷ ಕಳೆಯಿತು. ಇಪ್ಪತ್ತೂ ಆಯಿತು. ಸಾಕಲ್ಲ ಅಂದರೆ ಟೀಚರ್ ಕೇಳಲಿಲ್ಲ, ಅರ್ಧ ಗಂಟೆ ಓಡಲು ಬಿಟ್ಟು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಮಾರನೆಯ ದಿನ ಭಟ್ಟರಿಗೆ ದೇವಸ್ಥಾನ ಬಿಟ್ಟು ಬರಲಾಗಲಿಲ್ಲ. ಕಲಿಯುವವರ ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಇರಬೇಕಲ್ಲ, ನಾನೇ ಕೂತು ಮಡಿಕೇರಿಗೆ ಹೋದೆ. ರೈಟರ್ ಫೋನ್ ಮಾಡಿದರೆ ಮಾಡಲಿ. ಟೆಸ್ಟಿಗೆ ಮುಂದೆ ಒಂಬತ್ತು ಕಾರು. ಟೀಚರ್ ಒಮ್ಮೆಯೂ ಎಂಜಿನ್ ಆರಿಸಲಿಲ್ಲ. ಟೆಸ್ಟ್ ಮಾಡುವ ಬ್ರೇಕ್ ಇನ್‌ಸ್ಪೆಕ್ಟರ್ ಹತ್ತಿದಾಗ ನಾನು ಇಳಿದು ಏರಿನ ಬುಡದಲ್ಲಿ ನಿಂತೆ.

ಅರ್ಧ ಏರಿಗೆ ಕಾರು ನಿಂತಿತು. ಇನ್‌ಸ್ಪೆಕ್ಟರ್ ಏನೋ ಬರೆಯುತ್ತಾ ಬೇಕೆಂದೇ ತಡಮಾಡಿದರು. ದೂರಕ್ಕೆ ಎಂಜಿನ್ ಸದ್ದು ಕೇಳುತ್ತಿರಲಿಲ್ಲ. ಸೈಲೆನ್ಸರ್ ಕೊಳವೆ ಒಂದೇ ಸಮ ಅದುರುವುದು ಕಾಣುತ್ತಿತ್ತು, ಎಂಜಿನ್ ಸತ್ತಿರಲಿಲ್ಲ. ಆಮೇಲೆ ಕಾರು ಒಂದು ಗೇಣೂ ಹಿಂದೆ ಜಾರದೆ ಮೇಲೆ ಹೋಯಿತು.

ಇನ್‌ಸ್ಪೆಕ್ಟರ್ ಇಳಿದ ಮೇಲೆ ನಾನು ಹತ್ತಿದೆ. "ಪಾಸಂತೆ," ಎಂದರು ಟೀಚರ್. ಕಾರು ಮಾತ್ರ ಹೊರಡಿಸಲಿಲ್ಲ.

"ಏನಾಯ್ತು ಟೀಚರ್?"

"ಏನಿಲ್ಲ. ಎಂಜಿನ್ ಸ್ವಲ್ಪ ಹೊತ್ತು ಹೀಗೇ ಓಡ್ಲಿ."

ಹಿಂದಿನ ಕಾರಿನವನು ಹಾರ್ನ್ ಹೊಡೆದ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಾಯಯ್ಯ ಒಂದು ನಿಮಿಷ, ಅಂದೆ.